ವೈಡ್‌ಸ್ಕ್ರೀನ್ ವಿಡಿಯೊದಲ್ಲಿ ಮುಖ ಉದ್ದವಾದರೆ: ನಾಲ್ಕು ಸಾಫ್ಟ್‌ವೇರ್‌ಗಳ ಹೋಲಿಕೆ

ಕೊಡಗಿನ ಎಷ್ಟೋ ಮನೆಗಳ ಬೀರುವಿನಲ್ಲಿ ಮಿನಿ ಡಿವಿ (ಚಿಕ್ಕ ಡಿಜಿಟಲ್ ವಿಡಿಯೊ ಟೇಪ್) ಕಾಲದ ಮದುವೆ ಕ್ಯಾಸೆಟ್‌ಗಳು ಇನ್ನೂ ಇವೆ. ಇಲ್ಲಿನ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುವ ಮೊದಲೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಇಳಿಸಿದ ಮೇಲೆ ಕಾಡುವುದು ಆಸ್ಪೆಕ್ಟ್ ರೇಶಿಯೊ, ಅಂದರೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ.

ಪಾಲ್ (ನಮ್ಮಲ್ಲಿ ಬಳಕೆಯಲ್ಲಿದ್ದ ಟಿವಿ ಮಾನಕ) ಡಿವಿಯಲ್ಲಿ 4:3 ಇರಲಿ, 16:9 ಇರಲಿ, ಫ್ರೇಮ್ 720×576 ಪಿಕ್ಸೆಲ್‌ನದ್ದೇ. ಬೇರೆಯಾಗುವುದು ಪಿಕ್ಸೆಲ್ಲಿನ ಅಗಲ ಮಾತ್ರ. ಫೈಲಿನಲ್ಲಿರುವ ಆ ಗುರುತನ್ನು ಸಾಫ್ಟ್‌ವೇರ್ ಓದದೇ ಹೋದರೆ 16:9 ಚಿತ್ರ 4:3ರೊಳಗೆ ಮುದುಡುತ್ತದೆ. ಮದುಮಗಳ ಕ್ಲೋಸಪ್ ಬಂದಾಗ ವಿಡಿಯೊ ನಿಲ್ಲಿಸಿ, ಕೊರಳಿನ ಪತ್ತಾಕ್ ಎಂಬ ಕೊಡವ ಆಭರಣದ ದುಂಡು ನಾಣ್ಯವನ್ನು ಪರದೆಯ ಮೇಲೆಯೇ ಸ್ಕೇಲಿಟ್ಟು ಅಳೆಯಿರಿ. ಅಗಲ ಎತ್ತರದ ಮುಕ್ಕಾಲು ಭಾಗ ಬಂದರೆ ತೊಂದರೆ ಇದೇ. ಮುಖ ನೋಡಿ ಅಂದಾಜು ಮಾಡುವುದಕ್ಕಿಂತ ಇದನ್ನೇ ನಾನು ನಂಬುತ್ತೇನೆ.

ಆಜ್ಞೆ ಬರೆದು ನಡೆಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಆಸ್ಪೆಕ್ಟ್ 16:9 ಎಂದು ಕೊಟ್ಟು ಸ್ಟ್ರೀಮ್ ಕಾಪಿ (ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡದೆ ಹಾಗೇ ನಕಲು) ಮಾಡಿದರೆ ಬೇಗ ಮುಗಿಯುತ್ತದೆ, ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ. ಆದರೆ ಬದಲಾಗುವುದು ಕಂಟೇನರ್ (ಚಿತ್ರ, ಧ್ವನಿಗಳನ್ನು ಒಟ್ಟಿಗೆ ಹೊತ್ತ ಫೈಲಿನ ಹೊದಿಕೆ) ಮೇಲಿನ ಚೀಟಿ ಮಾತ್ರ. ವಿಎಲ್‌ಸಿ ಪ್ಲೇಯರ್‌ನಲ್ಲಿ ಸರಿಯಾಗಿ ಕಂಡದ್ದು, ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಹಳೆಯ ಟಿವಿಗೆ ಚುಚ್ಚಿದಾಗ ಮತ್ತೆ ಮುದುಡಿತ್ತು. ಮೂಲ ಪ್ರತಿ ಕಾಪಿಡಲು ಇದು ಸೈ, ಹಂಚಲು ಸಾಲದು.

ಹ್ಯಾಂಡ್‌ಬ್ರೇಕ್ ಒಂದೇ ಟೇಪನ್ನು ಹಾಗೇ ಪರಿವರ್ತಿಸಲು ಸುಲಭ. ಅನಾಮಾರ್ಫಿಕ್ (ಚೌಕವಲ್ಲದ ಪಿಕ್ಸೆಲ್‌ಗೆ ಸಂಬಂಧಿಸಿದ) ಜಾಗದಲ್ಲಿ ಕಸ್ಟಮ್ ಆರಿಸಿ, 16:9 ಟೇಪಿಗೆ ಪಿಕ್ಸೆಲ್ ಆಸ್ಪೆಕ್ಟ್, ಅಂದರೆ ಪಿಕ್ಸೆಲ್ಲಿನ ಅಗಲ-ಎತ್ತರದ ಅನುಪಾತ, 64:45 ಕೊಡಬೇಕು. ತಾನಾಗಿಯೇ ಅಂಚು ಕತ್ತರಿಸುವ ಆಟೊ ಕ್ರಾಪನ್ನು ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಶಾಟ್‌ಕಟ್ ಉಚಿತ, ಹಳೆಯ ಲ್ಯಾಪ್‌ಟಾಪ್‌ಗೂ ಹಗುರ. ಕ್ಲಿಪ್‌ನ ಪ್ರಾಪರ್ಟೀಸ್‌ನಲ್ಲೇ ಅನುಪಾತ ತಿದ್ದಬಹುದು. ಆದರೆ ವಿಡಿಯೊ ಮೋಡ್ ಆಟೊಮ್ಯಾಟಿಕ್‌ನಲ್ಲಿದ್ದರೆ ಮೊದಲ ಕ್ಲಿಪ್ ಹೇಗಿದೆಯೋ ಇಡೀ ಪ್ರಾಜೆಕ್ಟ್ ಹಾಗೇ ಆಗುತ್ತದೆ.

ನನಗೆ ಹೆಚ್ಚು ಒಗ್ಗಿದ್ದು ಡಾವಿಂಚಿ ರಿಸಾಲ್ವ್. ಮೀಡಿಯಾ ಪೂಲ್‌ನಲ್ಲಿ ಎಲ್ಲ ಕ್ಲಿಪ್‌ಗಳನ್ನೂ ಒಟ್ಟಿಗೆ ಹಿಡಿದು, ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಪಿಕ್ಸೆಲ್ ಆಸ್ಪೆಕ್ಟ್ ಬದಲಿಸಿದರೆ ಟೈಮ್‌ಲೈನ್‌ಗೆ ಬರುವ ಮೊದಲೇ ಚಿತ್ರ ನೆಟ್ಟಗಾಗಿರುತ್ತದೆ. ರೋಗ ಇರುವುದು ಒಳಬರುವ ಕಡೆ, ಮದ್ದೂ ಅಲ್ಲೇ ಆಗಬೇಕು. ಎಕ್ಸ್‌ಪೋರ್ಟ್ ಹೊತ್ತಿಗೆ ಎಳೆದು ಸರಿಮಾಡುವವರ ಕೆಲಸದಲ್ಲಿ ಹೆಸರು, ಟೈಟಲ್‌ಗಳೂ ಜೊತೆಗೆ ಎಳೆದುಹೋಗುತ್ತವೆ.

ಎಕ್ಸ್‌ಪೋರ್ಟ್‌ಗೆ ಚೌಕ ಪಿಕ್ಸೆಲ್‌ನ 1024×576 ಇಡುತ್ತೇನೆ. 720×405 ಮಾಡಿದರೂ ಅನುಪಾತ ಸರಿಯೇ, ಆದರೆ 576 ಗೆರೆಗಳಲ್ಲಿ 171 ಹೋದವು. ಡಿವಿ ಇಂಟರ್‌ಲೇಸ್ (ಸಮ, ಬೆಸ ಗೆರೆಗಳು ಬೇರೆ ಬೇರೆ ಕ್ಷಣದವು) ಆಗಿರುವುದರಿಂದ ಎತ್ತರ ಬದಲಿಸುವುದಾದರೆ ಮೊದಲು ಡಿಇಂಟರ್‌ಲೇಸ್ ಮಾಡಿ ಆ ಗೆರೆಗಳನ್ನು ಒಂದಾಗಿಸಲೇಬೇಕು. ಇಲ್ಲದಿದ್ದರೆ ವಾಲಗಕ್ಕೆ ಕುಣಿಯುವವರ ಕೈಯ ಸುತ್ತ ಬಾಚಣಿಗೆ ಹಲ್ಲಿನಂಥ ಗೆರೆಗಳು ಎದ್ದು ಕಾಣುತ್ತವೆ.

ನಿಜವಾದ 4:3 ಟೇಪಿನ ಮಾತೇ ಬೇರೆ. ಪರದೆ ತುಂಬಲೆಂದು ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪ. ಕ್ರಾಪ್ ಮಾಡಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಕುಪ್ಯ (ಕೊಡವ ಗಂಡಸರ ಉದ್ದ ಅಂಗಿ) ತೊಟ್ಟು ನಿಂತ ಮದುಮಗನ ಪೂರ್ತಿ ಚಿತ್ರದಲ್ಲಿ ಮೇಲೆ ಮಂಡೆತುಣಿಯೋ (ಪೇಟ), ಕೆಳಗೆ ಕಾಲೋ ಕತ್ತರಿಗೆ ಸಿಗುವುದು ಖಂಡಿತ. ಅದನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಮಸುಕು ಹಿನ್ನೆಲೆ ತುಂಬುವುದೂ ನನಗೆ ಹಿಡಿಸದು, ಕುಣಿತದ ಹೊತ್ತಲ್ಲಿ ಕಣ್ಣು ಅತ್ತಲೇ ಹೋಗುತ್ತದೆ. ಟೇಪ್ ಪೂರ್ತಿ 4:3 ಆಗಿದ್ದರೆ 768×576ರಲ್ಲೇ ಬಿಡಿ, ಯೂಟ್ಯೂಬ್ ಪ್ಲೇಯರ್ ತಾನೇ ಹೊಂದಿಸಿಕೊಳ್ಳುತ್ತದೆ. ಹೊಸ ವೈಡ್‌ಸ್ಕ್ರೀನ್ ದೃಶ್ಯಗಳ ಜೊತೆ ಬೆರೆಸುವುದಾದರೆ ಮಾತ್ರ 1920×1080 ಟೈಮ್‌ಲೈನ್‌ನಲ್ಲಿ ಎರಡೂ ಬದಿಗೆ 240 ಪಿಕ್ಸೆಲ್‌ನ ಕಪ್ಪು ಪಟ್ಟಿ ಬರಲಿ.