ಜಾಯನ್ನೋ, ಮೋಯಾಬೋ? ಅವ್ವ, ಮಕ್ಕಳ ಜೊತೆ ಎರಡೂ ಕಡೆ ನಡೆದು ನೋಡಿದ್ದು

ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಮನೆ ಮುಂದೆಯೇ ಕಳ್ಳಿಗಿಡ. ಆದರೂ ಶಾಲೆಗೆ ರಜೆ ಬಂದರೆ ಸಾಕು, ಕಾರು ಹತ್ತಿ ಉತ್ತರದ ಇನ್ನೊಂದು ಮರುಭೂಮಿಗೆ ಹೊರಡುತ್ತೇವೆ. ಊರಿನವರಿಗೆ ಇದು ಅರ್ಥವೇ ಆಗುವುದಿಲ್ಲ. ಚಾಂಡ್ಲರ್ ಸಮುದ್ರಮಟ್ಟದಿಂದ ಸುಮಾರು 1,200 ಅಡಿ ಮೇಲಿದೆ, ಸೆಕೆಯ ಕುಲುಮೆ. ಪಕ್ಕದ ರಾಜ್ಯ ಯೂಟಾದ ಕೆಂಪು ಬಂಡೆಯ ಸೀಮೆ 4,000 ಅಡಿ ದಾಟಿದ್ದು. ಅಲ್ಲಿ ಬೆಳಗ್ಗೆ ಸ್ವೆಟರ್ ಬೇಕು.

ಒಂದು ವಾರ ಇದೆ, ಮಕ್ಕಳಿದ್ದಾರೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜಾಯನ್‌ಗೆ ಹೋಗೋಣವಾ ಮೋಯಾಬ್‌ಗಾ ಅಂತ ಉಗಾದಿ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಎರಡೂ ಯೂಟಾದಲ್ಲೇ: ಜಾಯನ್ ಒಂದು ರಾಷ್ಟ್ರೀಯ ಉದ್ಯಾನ, ಮೋಯಾಬ್ ಒಂದು ಊರು, ಅದರ ಪಕ್ಕ ಎರಡು ಉದ್ಯಾನ. ಎರಡಕ್ಕೂ ಆರೇ ತಿಂಗಳ ಅಂತರದಲ್ಲಿ ಹೋಗಿಬಂದ ಕಾರಣ ನನ್ನ ಹತ್ತಿರ ಉತ್ತರವಿದೆ. 2024ರ ಅಕ್ಟೋಬರ್ ಮೊದಲ ವಾರ ಜಾಯನ್, ಅದರ ಜೊತೆ ಒಂದು ದಿನ ಬ್ರೈಸ್ ಕ್ಯಾನ್ಯನ್. 2025ರ ಮಾರ್ಚ್‌ನಲ್ಲಿ ಮೋಯಾಬ್, ಅಂದರೆ ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್. ಎರಡೂ ಸಲ ಅದೇ ಐದು ಜನ: ನಾನು, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಆರು ವರ್ಷದ ಮಗ, ಬಾಗಲಕೋಟೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅವ್ವ. ಅವಳಿಗೆ ಅರವತ್ತೇಳು. ಮಂಡಿ ನೋವಿದೆ, ಹಟ ಅದಕ್ಕಿಂತ ಜಾಸ್ತಿ.

ನಾಲ್ಕನೇ ಕ್ಲಾಸು ಅಂದಾಗ ಒಂದು ಮಾತು. ಅಮೆರಿಕದಲ್ಲಿ ಆ ಕ್ಲಾಸಿನ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಪಾಸು ಪುಕ್ಕಟೆ ಸಿಗುತ್ತದೆ. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ ನಡೆಯುತ್ತದೆ, ಮಗುವಿನ ಜೊತೆ ಕಾರಿನಲ್ಲಿರುವ ಎಲ್ಲರಿಗೂ ಅನ್ವಯ. ನಾವು ಹೋದಾಗ ಪ್ರಿಂಟ್ ಹಾಕಿಕೊಂಡೇ ಹೋಗಬೇಕಿತ್ತು, ಫೋನಿನಲ್ಲಿ ತೋರಿಸಿದರೆ ಆಗುತ್ತಿರಲಿಲ್ಲ. ಎರಡೂ ಪ್ರವಾಸ ಅದರಲ್ಲೇ ಮುಗಿಯಿತು. ಗೇಟಿನಲ್ಲಿ ಚೀಟಿ ಕೊಡುವ ಕೆಲಸ ಮಗಳದ್ದು. ಆ ಎರಡು ನಿಮಿಷ ಅವಳೇ ಮನೆಯ ಯಜಮಾನಿ.

ಜಾಯನ್‌ಗೆ ನಾವು ಹೋಗಿದ್ದು ಪೇಜ್, ಕನಾಬ್ ಊರುಗಳ ಮೇಲೆ ಹಾದು ಪೂರ್ವದ ಬಾಗಿಲಿನಿಂದ. ನೀವೂ ಆದರೆ ಹಾಗೇ ಹೋಗಿ. 1930ರಲ್ಲಿ ಮುಗಿದ ಒಂದು ಸುರಂಗ ಬರುತ್ತದೆ, ಒಂದು ಮೈಲಿಗಿಂತ ಸ್ವಲ್ಪ ಉದ್ದ. ಒಳಗೆ ಕತ್ತಲೆ. ನಡುನಡುವೆ ಬಂಡೆಯಲ್ಲಿ ಕೊರೆದ ಕಿಟಕಿಗಳಿಂದ ಕೆಂಪು ಗೋಡೆ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಹೊರಗೆ ಬಂದ ಕೂಡಲೇ ಕಣಿವೆಯೆಲ್ಲ ಎದುರಿಗೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನಪಾ? ಬಾದಾಮಿ ಗುಡ್ಡಾನೂ ಹಿಂಗ ಐತೆಲ್ಲ" ಅಂದಳು. ತಪ್ಪೇನಿಲ್ಲ. ಅದೂ ಮರಳುಗಲ್ಲು, ಇದೂ ಮರಳುಗಲ್ಲು. ಇಲ್ಲಿನ ಗೋಡೆ ಎರಡು ಸಾವಿರ ಅಡಿ ಏಳುತ್ತದೆ, ಅಷ್ಟೇ.

ಜಾಯನ್‌ನಲ್ಲಿ ಅವ್ವನ ಮನಸ್ಸು ಗೆದ್ದಿದ್ದು ಗುಡ್ಡವಲ್ಲ, ಬಸ್ಸು. ಸೀಸನ್‌ನಲ್ಲಿ ಕಣಿವೆಯೊಳಗೆ ಖಾಸಗಿ ಕಾರು ಬಿಡುವುದಿಲ್ಲ. ಪುಕ್ಕಟೆ ಬಸ್ಸು ಓಡುತ್ತಿರುತ್ತದೆ, ಒಂಬತ್ತು ಸ್ಟಾಪು, ಬಹುತೇಕ ಒಂದೊಂದು ಸ್ಟಾಪಿಗೂ ಒಂದು ದಾರಿ. ಸುಸ್ತಾದವರು ಯಾರನ್ನೂ ಕಾಯದೆ ಬಸ್ಸು ಹತ್ತಿ ವಾಪಸ್ ಬರಬಹುದು. ಐದು ಜನ ಐದು ವೇಗದಲ್ಲಿ ನಡೆಯುವ ಮನೆಯವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಮೋಯಾಬ್‌ಗೆ ಹೋದ ಮೇಲೆ ಗೊತ್ತಾಯಿತು. ಅಲ್ಲಿ ಎಲ್ಲಕ್ಕೂ ನಮ್ಮ ಕಾರೇ ಗತಿ. ಒಬ್ಬರಿಗೆ ಮಂಡಿ ನೋವೆಂದರೆ ಐವರೂ ವಾಪಸ್. ಹಾಗಂತ ಬಸ್ಸೇನೂ ಸುಖದ ಸುಪ್ಪತ್ತಿಗೆಯಲ್ಲ. ಏಳು ಗಂಟೆಗೆ ಹೋದ ದಿನ ನೇರ ಹತ್ತಿದೆವು. ಒಂಬತ್ತಕ್ಕೆ ಹೋದ ದಿನ ಮುಕ್ಕಾಲು ಗಂಟೆ ಸಾಲು.

ಕೊನೆಯ ಸ್ಟಾಪಿನಿಂದ ನದಿ ಪಕ್ಕ ಒಂದು ಮೈಲಿ ಡಾಂಬರಿನಂಥ ದಾರಿ ಇದೆ, ರಿವರ್‌ಸೈಡ್ ವಾಕ್. ಸಮತಟ್ಟು, ನೆರಳು, ಬಂಡೆಯಿಂದ ತೊಟ್ಟಿಕ್ಕುವ ನೀರಿಗೆ ಅಂಟಿಕೊಂಡು ಬೆಳೆದ ಜರಿಗಿಡ. ಅವ್ವ ಇದನ್ನು ಮೂರು ದಿನ ಮೂರು ಸಲ ನಡೆದಳು. ದಾರಿ ಮುಗಿಯುವಲ್ಲಿ ಮೆಟ್ಟಿಲು ನದಿಗೇ ಇಳಿಯುತ್ತವೆ. ಅಲ್ಲಿಂದ ಮುಂದೆ ನದಿಯೇ ದಾರಿ, ಹೆಸರು ನ್ಯಾರೋಸ್. ನಾನು, ಮಗಳು ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬೂಟು, ದಪ್ಪ ರಬ್ಬರಿನಂಥ ಕಾಲುಚೀಲ, ಒಂದೊಂದು ಕೋಲು ಬಾಡಿಗೆಗೆ ತಂದಿದ್ದೆವು. ಬಾಡಿಗೆ ಯಾಕೆ ದಂಡ ಅಂದುಕೊಂಡಿದ್ದೆ. ನೀರಿಗಿಳಿದು ಹತ್ತು ಹೆಜ್ಜೆಗೇ ಆ ಮಾತು ವಾಪಸ್ ತೆಗೆದುಕೊಂಡೆ. ಕೆಳಗೆಲ್ಲ ಜಾರುವ ಗುಂಡುಕಲ್ಲು, ನೀರು ಐಸು. ಮಗಳು ಕೋಲಿನಿಂದ ಆಳ ನೋಡಿ, "ಅಪ್ಪಾ, ಇಲ್ಲಿ ನನ್ನ ಸೊಂಟ, ನಿನ್ನ ಮಂಡಿ" ಅಂತ ಲೆಕ್ಕ ಹೇಳುತ್ತಾ ಮುಂದೆ ಹೋಗುತ್ತಿದ್ದಳು. ಒಂದು ಮೈಲಿ ಹೋಗಿ ತಿರುಗಿದೆವು. ಆ ವಾರದ ಅತ್ಯುತ್ತಮ ಮೂರು ಗಂಟೆ ಅದು. ಒಂದೇ ಎಚ್ಚರಿಕೆ: ಎಲ್ಲೋ ದೂರದಲ್ಲಿ ಮಳೆಯಾದರೂ ಇಲ್ಲಿ ದಿಢೀರ್ ಪ್ರವಾಹ ಬರುತ್ತದೆ. ಬೆಳಗ್ಗೆ ರೇಂಜರ್ ಕಚೇರಿಯಲ್ಲಿ ಆ ದಿನದ ಸೂಚನೆ ನೋಡದೆ ಇಳಿಯಬೇಡಿ. ನೀರಿನಲ್ಲಿ ವಿಷದ ಪಾಚಿ ಇರುವ ಎಚ್ಚರಿಕೆಯೂ ಕೆಲವು ವರ್ಷಗಳಿಂದ ಇದೆ, ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ನಾವು ನೀರಿನಲ್ಲಿದ್ದಾಗ ದಡದಲ್ಲಿ ಇನ್ನೊಂದು ಯುದ್ಧ. ಅವ್ವ ಶೇಂಗಾ ಸುಲಿಯುತ್ತಾ ಕೂತಿದ್ದಳಂತೆ. ಅಳಿಲೊಂದು ಬಂದು ನೇರ ಮಡಿಲು ಹತ್ತಿದೆ. ಜಾಯನ್‌ನ ಅಳಿಲುಗಳಿಗೆ ಭಯವಿಲ್ಲ, ಕಚ್ಚುತ್ತವೆ ಕೂಡ. ಅವಕ್ಕೆ ತಿನ್ನಲು ಕೊಡಬೇಡಿ ಅಂತ ಬೋರ್ಡಿನ ಮೇಲೆ ರಕ್ತ ಬಂದ ಬೆರಳಿನ ಚಿತ್ರವನ್ನೇ ಹಾಕಿದ್ದಾರೆ. ಅವ್ವ ಸೆರಗು ಬೀಸಿ ಓಡಿಸಿದಳು. ಶೇಂಗಾ ಅರ್ಧ ಹೋಯಿತು.

ಅದೇ ದಾರಿಯಲ್ಲಿ ಅವಳು ಬಿಳಿ ಹೂವಿನ ಗಿಡವೊಂದರ ಮುಂದೆ ನಿಂತು, "ದತ್ತೂರಿ ಐತಿ ನೋಡು, ಹುಡುಗರನ್ನ ಮುಟ್ಟಗೊಡಬ್ಯಾಡ" ಅಂದಳು. ನಿಜಕ್ಕೂ ದತ್ತೂರಿಯ ಜಾತಿಯೇ. ಹಿತ್ತಲಿನ ವೈರಿ ಎಂಟೂವರೆ ಸಾವಿರ ಮೈಲಿ ದೂರದಲ್ಲಿ ಸಿಕ್ಕ ಖುಷಿ ಅವಳ ಮುಖದಲ್ಲಿತ್ತು.

ಏಂಜಲ್ಸ್ ಲ್ಯಾಂಡಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸರಪಳಿ ಹಿಡಿದು ಏರುವ ಆ ಕೋಡುಬಂಡೆಗೆ 2022ರಿಂದ ಲಾಟರಿ ಪರ್ಮಿಟ್ ಬೇಕು. ಹೆಂಡತಿ ಹಿಂದಿನ ದಿನದ ಲಾಟರಿ ಹಾಕಿದಳು, ಹತ್ತಲಿಲ್ಲ. ಪರ್ಮಿಟ್ ಬೇಡದ ಸ್ಕೌಟ್ ಲುಕೌಟ್‌ವರೆಗೆ ಒಬ್ಬಳೇ ಹೋಗಿಬಂದಳು. ಇಪ್ಪತ್ತೊಂದು ತಿರುವು ಎಣಿಸಿದೆ, ಮಕ್ಕಳಿಲ್ಲದೆ ಎಣಿಸಲು ಎಷ್ಟು ಹಾಯಾಗಿತ್ತು ಗೊತ್ತಾ, ಅಂದಳು. ಆರು ವರ್ಷದ ಮಗುವನ್ನು ಆ ಸರಪಳಿಗೆ ಕರೆದೊಯ್ಯುವುದು ನನ್ನ ದೃಷ್ಟಿಯಲ್ಲಿ ಹುಚ್ಚುತನ.

ಬ್ರೈಸ್‌ಗೆ ಎರಡು ಗಂಟೆ ದಾರಿ. ಅಲ್ಲಿನ ಅಂಚು 8,000 ಅಡಿ ಎತ್ತರ, ಅವ್ವನಿಗೆ ಏದುಸಿರು ಬಂತು. ನಾವು ಕ್ವೀನ್ಸ್ ಗಾರ್ಡನ್‌ನಲ್ಲಿ ಇಳಿದು ನವಾಹೋ ಲೂಪ್‌ನಲ್ಲಿ ಹತ್ತಿದೆವು, ಸುಮಾರು ಮೂರು ಮೈಲಿ. ಅವ್ವ ಮೇಲೇ ಬೆಂಚಿನ ಮೇಲೆ. ನೀರು ಬಂಡೆಯ ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ ಕೊರೆದ ಕಲ್ಲಿನ ಕಂಬಗಳು ಸಾವಿರಾರು. ಕೋಯೊಟಿ ದೇವರು ಕೆಟ್ಟ ಜನರನ್ನು ಕಲ್ಲು ಮಾಡಿದ್ದೇ ಈ ಕಂಬಗಳು ಅನ್ನುವುದು ಅಲ್ಲಿನ ಪಾಯೂಟ್ ಜನರ ಕತೆ. ಮಗಳು ಹೇಳಿದ್ದನ್ನು ಕೇಳಿ ಅವ್ವ, "ಅಹಲ್ಯೆ ಒಬ್ಬಾಕಿ ಇದ್ಲು, ಇಲ್ಲಿ ಊರಿಗೂರೇ ಕಲ್ಲಾಗೈತಿ" ಅಂದಳು.

ಇನ್ನು ಮೋಯಾಬ್. ಫ್ಲ್ಯಾಗ್‌ಸ್ಟಾಫ್, ಕಾಯೆಂಟ ದಾಟಿ ಮಾನ್ಯುಮೆಂಟ್ ವ್ಯಾಲಿ ಮೇಲೆ ಏಳೂವರೆ ಗಂಟೆ ಡ್ರೈವ್. ಅರಿಜೋನಾ ಬೇಸಿಗೆಗೆ ಗಡಿಯಾರ ಮುಂದೆ ಇಡುವುದಿಲ್ಲ, ದಾರಿಯಲ್ಲಿ ಸಿಗುವ ನವಾಹೋ ಬುಡಕಟ್ಟಿನ ಸೀಮೆ ನವಾಹೋ ನೇಷನ್ ಇಡುತ್ತದೆ, ಯೂಟಾವೂ ಇಡುತ್ತದೆ. ಇದನ್ನು ಮರೆತು ಒಂದು ಗಂಟೆ ತಡವಾಗಿ ತಲುಪಿದೆವು. ಮೋಟೆಲ್ ಆಫೀಸಿಗೆ ಬೀಗ ಬಿದ್ದಿತ್ತು. ಫೋನ್ ಮಾಡಿ ಮಾಡಿ ಕೀಲಿ ಸಿಗುವಾಗ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ.

ಆದರೆ ಮರುದಿನದಿಂದ ಆ ಮಗನನ್ನು ಹಿಡಿಯುವವರಿರಲಿಲ್ಲ. ಜಾಯನ್‌ನಲ್ಲಿ ಗುಡ್ಡವನ್ನು ಕತ್ತೆತ್ತಿ ನೋಡುವುದು. ಮೋಯಾಬ್‌ನಲ್ಲಿ ಅದರ ಮೇಲೆ ಹತ್ತಿ ಕೂರುವುದು. ಮಗುವಿಗೆ ಇದಕ್ಕಿಂತ ಬೇರೆ ವ್ಯತ್ಯಾಸ ಬೇಕಿಲ್ಲ. ಆರ್ಚಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ, ಸುಮಾರಿನವು ಕಾರಿನಿಂದ ಅರ್ಧ ಗಂಟೆಯೊಳಗಿನ ನಡಿಗೆ. ಸ್ಯಾಂಡ್ ಡ್ಯೂನ್ ಆರ್ಚ್ ಅಂತ ಒಂದಿದೆ. ಎರಡು ಎತ್ತರದ ಬಂಡೆಗಳ ಸಂದಿಯಲ್ಲಿ ತಣ್ಣನೆ ಕೆಂಪು ಮರಳು, ರಾಗಿ ಹಿಟ್ಟಿನಷ್ಟು ನಯ. ನಕ್ಷೆಯಲ್ಲಿ ಹತ್ತು ನಿಮಿಷದ ಜಾಗ. ನಾವು ಎರಡು ಗಂಟೆ ಇದ್ದೆವು. ಅವ್ವ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತಳು. ಕಾರಿನ ಮ್ಯಾಟ್‌ನಿಂದ ಆ ಮರಳು ಇನ್ನೂ ಹೋಗಿಲ್ಲ.

ಅವ್ವ ನಡೆದ ದೊಡ್ಡ ದಾರಿ ಲ್ಯಾಂಡ್‌ಸ್ಕೇಪ್ ಆರ್ಚ್‌ನದು, ಹೋಗಿಬರಲು ಎರಡು ಮೈಲಿ. ಆ ಕಮಾನು ಮುನ್ನೂರು ಅಡಿ ಹತ್ತಿರ ಉದ್ದ, ನಡುವೆ ಹಗ್ಗದಂತೆ ತೆಳ್ಳಗೆ. 1991ರಲ್ಲಿ ಅದರಿಂದ ದೊಡ್ಡ ಚಪ್ಪಡಿಯೊಂದು ಬಿತ್ತು. ಆಮೇಲೆ ಕೆಳಗೆ ಹೋಗುವ ದಾರಿ ಮುಚ್ಚಿದರು. ಡೆಲಿಕೇಟ್ ಆರ್ಚ್‌ಗೆ ನಾನು, ಮಗಳು ಮಾತ್ರ. ಮೂರು ಮೈಲಿ, ಬೋಳು ಬಂಡೆ, ಒಂದು ಹನಿ ನೆರಳಿಲ್ಲ. ಮಾರ್ಚ್ ಆಗಿದ್ದಕ್ಕೆ ಬಚಾವ್. ಹೆಂಡತಿ, ಮಗ, ಅವ್ವ ಇನ್ನೊಂದು ಕಡೆ ಕಾರು ನಿಲ್ಲಿಸಿ ದೂರದಿಂದ ನೋಡುವ ಜಾಗಕ್ಕೆ ಹೋದರು. "ಯೂಟಾದ ನಂಬರ್ ಪ್ಲೇಟಿನ ಮ್ಯಾಲಿದ್ದಷ್ಟೇ ಕಾಣಿಸ್ತು" ಅಂತ ಅವ್ವನ ವರದಿ.

ನೀವು ಏಪ್ರಿಲ್‌ನಲ್ಲಿ ಹೋಗುವುದಾದರೆ ಮೊದಲೇ ವಿಚಾರಿಸಿ. 2025ರಲ್ಲಿ ಏಪ್ರಿಲ್ 1ರಿಂದ ಆರ್ಚಸ್‌ಗೆ ಯಾವ ಗಂಟೆಗೆ ಒಳಗೆ ಹೋಗುತ್ತೇವೆ ಅಂತ ಮೊದಲೇ ಬುಕಿಂಗ್ ಮಾಡಬೇಕಿತ್ತು, ನಾವು ಹತ್ತು ದಿನ ಮೊದಲು ಹೋಗಿ ತಪ್ಪಿಸಿಕೊಂಡೆವು. ಆ ನಿಯಮ ವರ್ಷ ವರ್ಷ ಬದಲಾಗುತ್ತದೆ.

ಮಕ್ಕಳಿಗೆ ಬಹಳ ಹಿಡಿಸಿದ್ದು ಮಾತ್ರ ಎರಡೂ ಉದ್ಯಾನದ ಹೊರಗಿನ ಕರೋನಾ ಆರ್ಚ್. ಟಿಕೆಟ್ಟಿಲ್ಲ. ರೈಲು ಹಳಿ ದಾಟಬೇಕು, ಬಂಡೆಗೆ ಹೊಡೆದ ತಂತಿ ಹಿಡಿದು ಏರಬೇಕು, ಒಂದು ಚಿಕ್ಕ ಏಣಿಯೂ ಇದೆ. ಏಣಿ ಹತ್ತಿದ ಉಮೇದಿನಲ್ಲಿ ಮಗ ಹಿಂದೆ ನೋಡದೆ ಕೂತ. ಪಾಪಸುಕಳ್ಳಿ! ದೊಡ್ಡ ಮುಳ್ಳು ಕೀಳುವುದು ಸುಲಭ. ಕೂದಲಿಗಿಂತ ಸಣ್ಣ ಮುಳ್ಳುಗಳಿರುತ್ತವಲ್ಲ, ಅವು ಪ್ರಾಣ ತೆಗೆಯುತ್ತವೆ. ಅವನನ್ನು ಬೋರಲು ಮಲಗಿಸಿ, ಹೆಂಡತಿ ಟೇಪು ಅಂಟಿಸಿ ಕಿತ್ತಳು, ಅಂಟಿಸಿ ಕಿತ್ತಳು. ಹಾದುಹೋಗುವವರೆಲ್ಲ ಅಯ್ಯೋ ಅನ್ನುವ ಮುಖ ಮಾಡುತ್ತಿದ್ದರು. ಕಾರಿನ ಹತ್ತಿರ ಕಾಯುತ್ತಿದ್ದ ಅವ್ವ ಕೇಳಿದ್ದು ಒಂದೇ: "ನಮ್ಮೂರಿನ ಕಳ್ಳಿ ಇಲ್ಲೂ ಬಂತೇನು?" ನಿಜ ಹೇಳಬೇಕೆಂದರೆ ಕಳ್ಳಿ ಇಲ್ಲಿಯದೇ ಅವ್ವಾ, ಇಲ್ಲಿಂದ ನಮ್ಮೂರಿಗೆ ಬಂದಿದ್ದು ಅಂದೆ. ನಂಬಲಿಲ್ಲ.

ಊಟದ ವಿಷಯದಲ್ಲಿ ಮೋಯಾಬ್ ಸಲೀಸು. ಊರಿನಲ್ಲೇ ದೊಡ್ಡ ಅಂಗಡಿ ಇದೆ. ಸ್ಪ್ರಿಂಗ್‌ಡೇಲ್‌ನಲ್ಲಿ ಎಲ್ಲಕ್ಕೂ ಬೆಲೆ ಜಾಸ್ತಿ, ರೂಮಿಗೂ: ನಮಗೆ ಅಲ್ಲಿ ರಾತ್ರಿಗೆ 240 ಡಾಲರ್, ಮೋಯಾಬ್‌ನಲ್ಲಿ ಅಡುಗೆಮನೆ ಸಮೇತ 165. ನಡಿಗೆಗೆ ಎರಡೂ ಕಡೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಆ ಒಣ ಹವೆಯಲ್ಲಿ ರೊಟ್ಟಿ ಏಳು ದಿನವೂ ಗರಿಗರಿ. ನೀರು ಮಾತ್ರ ಮೋಯಾಬ್ ಕಡೆ ಊರಲ್ಲೇ ತುಂಬಿಸಿಕೊಳ್ಳಿ, ತಲೆಗೆ ದಿನಕ್ಕೆ ನಾಲ್ಕು ಲೀಟರ್ ಹತ್ತಿರ. ಕ್ಯಾನ್ಯನ್‌ಲ್ಯಾಂಡ್ಸ್‌ನ ಮೇಲೆ ದಾರಿಗಳ ಬಳಿ ಎಲ್ಲೂ ನಲ್ಲಿ ಇಲ್ಲ. ಕಕ್ಕಸುಗಳೂ ನೀರಿಲ್ಲದ ಗುಂಡಿ ಕಕ್ಕಸು. ಅವ್ವನ ದೊಡ್ಡ ದೂರು ಇದೇ, ಮಂಡಿಯದ್ದಲ್ಲ.

ಹೊರದೇಶದಿಂದ ಬಂದು ತಾವೇ ಬಾಡಿಗೆ ಕಾರಿನಲ್ಲಿ ಸುತ್ತುವವರಿಗೆ ಈಗ ಖರ್ಚಿನ ಲೆಕ್ಕವೂ ಬೇರೆ. 2026ರಿಂದ ಜಾಯನ್, ಬ್ರೈಸ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, ಹದಿನಾರು ತುಂಬಿದವರು ವಾರ್ಷಿಕ ಪಾಸ್ ಇಲ್ಲದಿದ್ದರೆ ತಲೆಗೆ 100 ಡಾಲರ್ ಹೆಚ್ಚಿಗೆ ಕೊಡಬೇಕು. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಆ ಪಟ್ಟಿಯಲ್ಲಿಲ್ಲ.

ನನ್ನ ಓಟು ಮೋಯಾಬ್‌ಗೆ. ಐದರಿಂದ ಹನ್ನೆರಡರೊಳಗಿನ ಮಕ್ಕಳಿದ್ದರೆ ಯೋಚನೆಯೇ ಬೇಡ, ಮಾರ್ಚ್ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ವಯಸ್ಸಾದವರು ಜೊತೆಗಿದ್ದರೆ, ಅವರೂ ನಡೆಯಬೇಕು ಅಂತ ನಿಮಗೆ ಆಸೆಯಿದ್ದರೆ ಜಾಯನ್. ಅಲ್ಲಿ ನದಿ ಇದೆ, ನೆರಳಿದೆ, ಬಸ್ಸಿದೆ. ಬಿಸಿಲಿನ ಸೀಮೆಯಲ್ಲಿ ಬಣ್ಣಕ್ಕಿಂತ ಇವೇ ದಿನವನ್ನು ನಿರ್ಧರಿಸುವುದು. ಹೆಂಡತಿ ಎರಡೂ ಬೇಡ, ಸ್ಕೌಟ್ ಲುಕೌಟ್‌ಗೆ ಮತ್ತೆ ಒಬ್ಬಳೇ ಕಳಿಸಿ ಅನ್ನುತ್ತಾಳೆ.

ಮುಂದಿನ ಅಕ್ಟೋಬರ್‌ಗೆ ಮೋಯಾಬ್‌ನಲ್ಲಿ ರೂಮು ಹಿಡಿದಿದ್ದೇನೆ. ಮೊನ್ನೆ ಫೋನಿನಲ್ಲಿ ಅವ್ವ, ಮತ್ತೆ ಬಂದರೂ ಬಂದೇನು, ಆ ಬಸ್ಸು ಇನ್ನೂ ಐತೇನು ಅಂತ ಕೇಳಿದಳು. ರೂಮು ರದ್ದು ಮಾಡಲು ಸೆಪ್ಟೆಂಬರ್ ಹತ್ತರವರೆಗೆ ಟೈಮಿದೆ.