ಮಂಗಳೂರು ಸೆಂಟ್ರಲ್: ಪ್ರಯಾಣಿಕರಿಗೆ ಹೇಗಿದೆ?

ಊರಿನ ನಡುವೆಯೇ ಇಳಿಸುವ ವಿಷಯದಲ್ಲಿ ಮಂಗಳೂರು ಸೆಂಟ್ರಲ್‌ಗೆ ಪೂರ್ತಿ ಅಂಕ ಕೊಡಬೇಕು. ಹೊರಗೆ ಬಂದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣವೂ ದೂರವಿಲ್ಲ. ರೈಲು ಓಡಿಸುವವರಿಗೆ ಮಾತ್ರ ಇದು ಕಷ್ಟದ ಜಾಗ. ಎರಡಕ್ಕೂ ಕಾರಣ ಒಂದೇ: 1907ರಲ್ಲಿ ಹಳಿ ಬಂದದ್ದು ಕೇರಳದ ಕಡೆಯಿಂದ, ಬಂದು ನಿಂತದ್ದು ಇಲ್ಲಿ.

ಕಾಸರಗೋಡು, ಕುಂಬಳೆ ಕಳೆದು ನೇತ್ರಾವತಿ ದಾಟಿ ಬಂದ ಆ ಮಾರ್ಗಕ್ಕೆ ಆಗ ಮುಂದಿನ ಊರೇ ಇರಲಿಲ್ಲ. 1929ರಲ್ಲಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಶುರುವಾದಾಗ ಓಡಿದ್ದು ಪೇಶಾವರ ಮತ್ತು ಮಂಗಳೂರಿನ ಮಧ್ಯೆ, ಸುಮಾರು 104 ಗಂಟೆಯ ಪ್ರಯಾಣ. ಪೇಶಾವರಕ್ಕೇ ರೈಲಿದ್ದ ಈ ಊರಿಗೆ ಹಾಸನದ ಹಳಿ ಸಿಕ್ಕಿದ್ದು 1979ರಲ್ಲಿ, ಮುಂಬೈಯದ್ದು 1998ರಲ್ಲಿ. ಆ ಎರಡೂ ಮಾರ್ಗಗಳು ಪಡೀಲ್ ಕಡೆಯಿಂದ ಬಂದು ಸೇರಿದ್ದರಿಂದ ಅಲ್ಲಿನ ಕಂಕನಾಡಿ ನಿಲ್ದಾಣಕ್ಕೆ ಮಹತ್ವ ಬಂತು. ಈಗ ಅದರ ಹೆಸರು ಮಂಗಳೂರು ಜಂಕ್ಷನ್.

ಕೇರಳದಿಂದ ಬಂದು ಕೊಂಕಣದ ಕಡೆಗೆ ಹೋಗುವ ರೈಲು ಸೆಂಟ್ರಲ್‌ಗೆ ಬಂದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಇಂಜಿನ್ ಬಿಚ್ಚಬೇಕು, ಇನ್ನೊಂದು ತುದಿಗೆ ಜೋಡಿಸಬೇಕು, ಬ್ರೇಕ್ ಪೈಪಿನ ಗಾಳಿಯ ಒತ್ತಡ ಪರೀಕ್ಷಿಸಬೇಕು. ಅಷ್ಟಾಗದೆ ಸಿಗ್ನಲ್ ಇಲ್ಲ. ಅದಕ್ಕೇ ನೇತ್ರಾವತಿ ಎಕ್ಸ್‌ಪ್ರೆಸ್‌ನಂಥ ರೈಲುಗಳು ಸೇತುವೆ ದಾಟಿದ ಮೇಲೆ ಸೆಂಟ್ರಲ್ ಬಿಟ್ಟು ನೇರ ಜಂಕ್ಷನ್‌ಗೆ ಹೋಗುತ್ತವೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಕೊನೆಯ ನಿಲ್ದಾಣವೇ ಸೆಂಟ್ರಲ್ ಆದ್ದರಿಂದ ಅದಕ್ಕೆ ಈ ತಾಪತ್ರಯವಿಲ್ಲ. ಬೆಂಗಳೂರು–ಕಣ್ಣೂರು ರೈಲು ಸೆಂಟ್ರಲ್ ಮುಟ್ಟಿಯೇ ಹೋಗುವುದರಿಂದ ಇಂಜಿನ್ ಬದಲು ತಪ್ಪದು. ಹೊರಡುವಾಗ ಬೋಗಿಗಳ ಕ್ರಮ ಹಿಂದುಮುಂದಾಗಿರುತ್ತದೆ, ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಪ್ಲಾಟ್‌ಫಾರ್ಮಿನ ಸೂಚನೆ ನೋಡಿಯೇ ನಿಂತುಕೊಳ್ಳಿ.

ಜನ ಹೆಚ್ಚು ಎಡವುವುದು ಟಿಕೆಟಿನಲ್ಲಿ. 'ಮಂಗಳೂರು' ಎಂದು ಹುಡುಕಿದರೆ ಎರಡು ನಿಲ್ದಾಣ ಬರುತ್ತವೆ: ಎಂಎಕ್ಯೂ ಅಂದರೆ ಸೆಂಟ್ರಲ್, ಎಂಎಜೆಎನ್ ಅಂದರೆ ಜಂಕ್ಷನ್. ಮಧ್ಯೆ ಐದಾರು ಕಿಲೋಮೀಟರ್. ತಪ್ಪಾಗಿ ಬುಕ್ ಮಾಡಿದ್ದರೆ ಆದಷ್ಟು ಮೊದಲೇ ಹತ್ತುವ ನಿಲ್ದಾಣ ಬದಲಿಸಿಕೊಳ್ಳಿ. ಒಮ್ಮೆ ಬದಲಿಸಿದರೆ ಹಳೆಯ ನಿಲ್ದಾಣದಲ್ಲಿ ಹತ್ತುವ ಹಕ್ಕು ಹೋಯಿತು. ರಿಕ್ಷಾದವರಿಗೆ ಬರೀ 'ಕಂಕನಾಡಿ ಸ್ಟೇಷನ್' ಅನ್ನಬೇಡಿ. ಫಾದರ್ ಮುಲ್ಲರ್ ಆಸ್ಪತ್ರೆಯ ಹತ್ತಿರದ ಕಂಕನಾಡಿ ಬೇರೆ, ಜಂಕ್ಷನ್ ಇರುವ ಜಾಗ ಬೇರೆ. 'ಪಡೀಲ್ ಹತ್ತಿರದ ರೈಲ್ವೆ ಜಂಕ್ಷನ್' ಎಂದರೆ ಗೊಂದಲವಿಲ್ಲ.

ಬೆಂಗಳೂರಿಗೆ ಹೋಗುವವರು ಸಮಯದ ಲೆಕ್ಕ ಸಡಿಲವಾಗಿ ಇಟ್ಟುಕೊಳ್ಳಲಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. 50 ಮೀಟರ್ ಸಾಗಿದರೆ 1 ಮೀಟರ್ ಏರುವ ಹಳಿ. ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಕಟ್ಟಿಯೇ ಹತ್ತಿಸುತ್ತಾರೆ. ಗೇಜ್ (ಹಳಿಗಳ ನಡುವಿನ ಅಂತರ) ಬದಲಾವಣೆಗೆಂದು 1996ರಲ್ಲಿ ಮುಚ್ಚಿದ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಕರಾವಳಿಯವರು ಹನ್ನೊಂದು ವರ್ಷ ಕಾದರು! ಈಗಲೂ ಮಳೆಗಾಲದಲ್ಲಿ ಗುಡ್ಡ ಕುಸಿದರೆ ರೈಲು ನಿಲ್ಲುತ್ತದೆ. ಕೊಂಕಣದ ಕಡೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಅದನ್ನು ನೋಡದೆ ಮನೆ ಬಿಡಬೇಡಿ.

ದೂರು ಕೊಡುವಾಗಲೂ ಈ ಇತಿಹಾಸ ಅಡ್ಡ ಬರುತ್ತದೆ. ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಪಡೀಲಿನಿಂದ ಘಾಟಿಯ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರಿನಿಂದ ಉಡುಪಿ ಕಡೆ ಕೊಂಕಣ ರೈಲ್ವೆ. ಒಂದೇ ಊರಿಗೆ ಮೂರು ಯಜಮಾನರು. ಹೊಸ ರೈಲು ಕೇಳಿದಾಗಲೆಲ್ಲ ಮಾತು ಈ ಮೂವರ ನಡುವೆ ಸುತ್ತುತ್ತದೆ, ಇದು ಸರಿಯಾಗಲೇಬೇಕು. ಅಲ್ಲಿಯತನಕ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡುವಾಗ ನಿಲ್ದಾಣದ ಹೆಸರು, ಪ್ಲಾಟ್‌ಫಾರ್ಮ್ ಸಂಖ್ಯೆ ಬಿಡಿಸಿ ಹೇಳಿ. 'ಮಂಗಳೂರು ಸ್ಟೇಷನ್' ಎಂದಷ್ಟೇ ಹೇಳಿದರೆ ಯಾವುದೆಂದು ಅವರಿಗೂ ತಿಳಿಯದು.