ಡರ್ಬಿಶೈರ್‌ನಲ್ಲಿ ನಡೆಯೋಕೆ ಹೋಗ್ತೀರಾ? ಕಾರು ಬಿಟ್ಟು ರೈಲು ಹತ್ತಿ

ಇಂಗ್ಲೆಂಡಿನಲ್ಲಿ ನಡೆಯೋಕೆ ಒಳ್ಳೆಯ ಜಾಗ ಎಲ್ಲಿದೆ ಅಂತ ಕೇಳಿದರೆ ಜನ ಥಟ್ಟನೆ ಲೇಕ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ನನ್ನ ವೋಟು ಇಂಗ್ಲೆಂಡಿನ ಮಧ್ಯಭಾಗದ ಡರ್ಬಿಶೈರ್ ಕೌಂಟಿಗೆ (ಅಂದರೆ ಜಿಲ್ಲೆಗೆ). ಬೆಟ್ಟಗಳು ಅಲ್ಲಿನಷ್ಟು ಎತ್ತರ ಇಲ್ಲ, ಒಪ್ಪಿಕೊಳ್ಳೋಣ. ಇಡೀ ಕೌಂಟಿಯಲ್ಲಿ ಎತ್ತರದ್ದು ಕಿಂಡರ್ ಸ್ಕೌಟ್, ಅದೂ 636 ಮೀಟರ್ ಅಷ್ಟೇ. ಆದರೆ ಇಲ್ಲಿ ರೈಲು ಇಳಿದು, ಸ್ಟೇಷನ್ನಿನಿಂದಲೇ ಹೆಜ್ಜೆ ಹಾಕಿ, ಸಂಜೆಗೆ ಬೇರೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮನೆಗೆ ಬರಬಹುದು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಹೋಪ್ ವ್ಯಾಲಿ ಲೈನ್ ಬೆಟ್ಟಗಳ ಮಧ್ಯದಲ್ಲೇ ಹಾದು ಹೋಗುತ್ತದೆ. ಈಡೇಲ್, ಹೋಪ್, ಬ್ಯಾಮ್‌ಫರ್ಡ್, ಹ್ಯಾದರ್‌ಸೇಜ್, ಗ್ರಿಂಡಲ್‌ಫರ್ಡ್, ಹೀಗೆ ಸಾಲಾಗಿ ಐದು ಪುಟ್ಟ ಸ್ಟೇಷನ್ನುಗಳು, ಒಂದೊಂದರಿಂದಲೂ ಒಂದೊಂದು ಒಳ್ಳೆಯ ನಡಿಗೆ ಶುರುವಾಗುತ್ತದೆ.

ಆದರೂ ಹೆಚ್ಚಿನವರು ಕಾರಿನಲ್ಲೇ ಬರುತ್ತಾರೆ. ಮ್ಯಾಮ್ ಟಾರ್ ಬೆಟ್ಟದ ಕೆಳಗಿನ ಕಾರ್ ಪಾರ್ಕಿನಲ್ಲಿ ನಿಲ್ಲಿಸಿ, ಮೆಟ್ಟಿಲು ಹತ್ತಿ, ಫೋಟೋ ತೆಗೆದುಕೊಂಡು, ಸ್ವಲ್ಪ ಹೊತ್ತಿಗೇ ಇಳಿದುಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನೋಡಬೇಕಾದ್ದು ಬಹಳ ತಪ್ಪಿಹೋಗುತ್ತದೆ. ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ತಡವಾದರೆ ಆ ಪಾರ್ಕಿಂಗ್ ಸಿಗುವುದೇ ಕಷ್ಟ, ಆಮೇಲೆ ಕಾರುಗಳೆಲ್ಲ ಕಿರಿದಾದ ರಸ್ತೆಯ ಅಂಚಿನಲ್ಲಿ ನಿಂತು ಬಸ್ಸಿಗೂ ಆಂಬುಲೆನ್ಸಿಗೂ ದಾರಿ ಇರುವುದಿಲ್ಲ.

ಬದಲಿಗೆ ಹೀಗೆ ಮಾಡಿ. ಈಡೇಲ್‌ನಲ್ಲಿ ಇಳಿಯಿರಿ. ಮ್ಯಾಂಚೆಸ್ಟರ್‌ನಿಂದ ಸುಮಾರು ಮುಕ್ಕಾಲು ಗಂಟೆ, ಶೆಫೀಲ್ಡ್‌ನಿಂದ ಇನ್ನೂ ಬೇಗ. ಅಲ್ಲಿಂದ ಹೊಲಗಳ ನಡುವೆ, ಬೆಟ್ಟಸಾಲಿನ ಮೇಲಿರುವ ಹಾಲಿನ್ಸ್ ಕ್ರಾಸ್‌ಗೆ ಹತ್ತಿ. ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಊರಿನವರು ಶವಪೆಟ್ಟಿಗೆ ಹೊತ್ತು ಇದೇ ದಾರಿಯಲ್ಲಿ ಬೆಟ್ಟ ದಾಟಿ ಹೋಪ್‌ಗೆ ಹೋಗುತ್ತಿದ್ದರಂತೆ. ಖಾಲಿ ಕೈಯಲ್ಲಿ ಹತ್ತುವಾಗಲೇ ಉಸಿರು ಕಟ್ಟುತ್ತದೆ, ಅವರು ಹೇಗೆ ಹತ್ತಿದರೋ! ಮೇಲೆ ಬಂದ ಮೇಲೆ ಬಲಕ್ಕೆ ತಿರುಗಿದರೆ ಮ್ಯಾಮ್ ಟಾರ್, 517 ಮೀಟರ್. ಎಡಕ್ಕೆ ಬ್ಯಾಕ್ ಟಾರ್, ಅದರಾಚೆ ಲೋಸ್ ಹಿಲ್. ಮೊದಲು ಬಲಕ್ಕೆ ಹೋಗಿ ಬನ್ನಿ, ಆಮೇಲೆ ಎಡಕ್ಕೆ ಪೂರ್ತಿ ನಡೆದು ಹೋಪ್ ಸ್ಟೇಷನ್ನಿಗೆ ಇಳಿಯಿರಿ. ಈ ಬೆಟ್ಟಸಾಲಿನ ಮೇಲೆ ನಡೆಯುವಾಗ ಒಂದು ಕಡೆ ಈಡೇಲ್ ಕಣಿವೆ, ಇನ್ನೊಂದು ಕಡೆ ಕ್ಯಾಸಲ್‌ಟನ್ ಹಳ್ಳಿ, ಎರಡೂ ಒಟ್ಟಿಗೆ ಕಾಣುತ್ತವೆ. ಗಾಳಿ ಮಾತ್ರ ವಿಪರೀತ. ಜುಲೈನಲ್ಲೂ ಜಾಕೆಟ್ ಬೇಕು.

ಮ್ಯಾಮ್ ಟಾರ್ ನೆತ್ತಿಯಲ್ಲಿ ಸಾವಿರಾರು ವರ್ಷ ಹಳೆಯ ಕೋಟೆಯ ಮಣ್ಣಿನ ದಿಬ್ಬಗಳು ಈಗಲೂ ಕಾಣುತ್ತವೆ. ಬೆಟ್ಟದ ಪೂರ್ವದ ಮುಖ ಇವತ್ತಿಗೂ ಜಾರುತ್ತಲೇ ಇದೆ. ಕೆಳಗಿರುವ ಮೆತ್ತನೆಯ ಪದರಗಲ್ಲಿಗೆ ನೀರಿಳಿದು ಬಲ ಕಳೆದುಕೊಳ್ಳುವುದೇ ಕಾರಣ. ಅದರ ಮೇಲೆ ಹಾದು ಹೋಗಿದ್ದ ಮುಖ್ಯ ರಸ್ತೆಯನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಮುಚ್ಚಿಬಿಟ್ಟರು. ಆ ಒಡೆದ ರಸ್ತೆಯ ಮೇಲೆ ಈಗ ನಡೆದು ಹೋಗಬಹುದು. ಡಾಂಬರು ಪದರ ಪದರವಾಗಿ ಸೀಳಿ ಕೆಳಗೆ ಕುಸಿದಿದೆ. ನನಗೆ ನೆತ್ತಿಯ ನೋಟಕ್ಕಿಂತ ಇದೇ ಜಾಸ್ತಿ ಇಷ್ಟ. ಮಕ್ಕಳಿದ್ದರೆ ಖಂಡಿತ ತೋರಿಸಿ, ಆದರೆ ಅಂಚಿಗೆ ಬಿಡಬೇಡಿ.

ಇನ್ನು ಕಿಂಡರ್ ಸ್ಕೌಟ್. ಇದರ ಬಗ್ಗೆ ಸ್ವಲ್ಪ ಉದ್ದವಾಗೇ ಹೇಳಬೇಕು. ಒಂದು ಕಾಲದಲ್ಲಿ ಈ ಬೆಟ್ಟಕ್ಕೆ ಸಾಮಾನ್ಯ ಜನ ಹೋಗುವ ಹಾಗಿರಲಿಲ್ಲ. ದೊಡ್ಡ ಜಮೀನ್ದಾರರು ಗ್ರೌಸ್ ಹಕ್ಕಿಯ ಬೇಟೆಗೆ ಅಂತ ಕಾವಲು ಹಾಕಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರ ಹುಡುಗ ಹುಡುಗಿಯರು, ಬೆಟ್ಟದ ಬುಡದ ಹೇಫೀಲ್ಡ್ ಹಳ್ಳಿಯಿಂದ ಬೇಕೆಂದೇ ಹತ್ತಿದರು. ಬೆನ್ನಿ ರಾತ್‌ಮನ್ ಅವರ ಮುಂದಾಳು, ಆಗ ಅವನಿಗೆ ಇಪ್ಪತ್ತು ವರ್ಷ. ಐದು ಜನ ಜೈಲಿಗೆ ಹೋದರು. ಆ ಶಿಕ್ಷೆಯಿಂದಲೇ ಜನರ ಸಿಟ್ಟು ಇನ್ನೂ ಹೆಚ್ಚಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಕಿಂಡರ್ ಸೇರಿದ ಈ ಬೆಟ್ಟಪ್ರದೇಶ, ಪೀಕ್ ಡಿಸ್ಟ್ರಿಕ್ಟ್, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಇವತ್ತು ನಾವು ಟಿಕೆಟ್ ಇಲ್ಲದೆ, ಯಾರನ್ನೂ ಕೇಳದೆ ಅಲ್ಲಿ ಓಡಾಡುತ್ತೇವೆ ಅಂದರೆ ಅದರ ಹಿಂದೆ ಇಷ್ಟೆಲ್ಲ ನಡೆದಿದೆ. ಹೇಫೀಲ್ಡ್ ಕಡೆಯಿಂದ ಹತ್ತುವಾಗ ಈ ಕಥೆ ಗೊತ್ತಿದ್ದರೆ ನಡಿಗೆಯೇ ಬೇರೆ ಅನ್ನಿಸುತ್ತದೆ.

ಈಡೇಲ್ ಕಡೆಯಿಂದ ಹತ್ತುವವರಿಗೆ ಜೇಕಬ್ಸ್ ಲ್ಯಾಡರ್ ದಾರಿ ಸುಲಭ, ಗ್ರಿಂಡ್ಸ್‌ಬ್ರೂಕ್ ದಾರಿಯಲ್ಲಿ ಕೊನೆಗೆ ಬಂಡೆಗಳ ಮೇಲೆ ಕೈ ಊರಿ ಹತ್ತಬೇಕು. ಮೇಲೆ ಚೂಪಾದ ಶಿಖರ ಅಂತ ಏನೂ ಇಲ್ಲ, ಪೀಟ್ ಅನ್ನುವ, ಗಿಡಗಳು ಅರೆಬರೆ ಕೊಳೆತು ಆದ ಕಪ್ಪು ಮಣ್ಣಿನ ವಿಶಾಲ ಬಯಲು, ಮಧ್ಯೆ ಮಧ್ಯೆ ಆಳವಾದ ಕೊರಕಲುಗಳು. ಮಂಜು ಕವಿದರೆ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ. ಫೋನ್ ಸಿಗ್ನಲ್ ನಂಬಬೇಡಿ, ಕಾಗದದ ಮ್ಯಾಪ್ ಮತ್ತು ದಿಕ್ಸೂಚಿ ಇರಲಿ. ಗಾಳಿ ಜೋರಿರುವ ದಿನ ಕಿಂಡರ್ ಡೌನ್‌ಫಾಲ್ ಜಲಪಾತದ ನೀರು ಕೆಳಗೆ ಬೀಳುವ ಬದಲು ಮೇಲಕ್ಕೆ ಹಾರುತ್ತದೆ. ಅದನ್ನು ನೋಡಬೇಕು! ಚಳಿಗಾಲದಲ್ಲಿ ಅದೃಷ್ಟ ಇದ್ದರೆ ಬಿಳಿ ಬಣ್ಣಕ್ಕೆ ತಿರುಗಿದ ಬೆಟ್ಟದ ಮೊಲಗಳೂ ಕಾಣಿಸುತ್ತವೆ. ಆಗಸ್ಟ್‌ನಲ್ಲಿ ಇಡೀ ಬಯಲಿಗೆ ನೇರಳೆ ಬಣ್ಣದ ಹೆದರ್ ಹೂ.

ಡವ್ ಹೊಳೆಯ ಕಣಿವೆ ಡವ್‌ಡೇಲ್‌ಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ಜಾಗ ಚೆನ್ನಾಗಿಲ್ಲ ಅಂತಲ್ಲ. ಹೊಳೆಗೆ ಅಡ್ಡ ಇಟ್ಟ ಆ ಕಲ್ಲುಗಳ ಮೇಲೆ ದಾಟೋಕೆ ರಜೆಯ ದಿನಗಳಲ್ಲಿ ಕ್ಯೂ ನಿಲ್ಲಬೇಕಾಗುತ್ತದೆ. ಹೋಗುವುದೇ ಆದರೆ ವಾರದ ಮಧ್ಯೆ, ಬೆಳಿಗ್ಗೆ ಬೇಗ ಹೋಗಿ, ಕಲ್ಲುಗಳ ಹತ್ತಿರವೇ ನಿಲ್ಲದೆ ಮಿಲ್‌ಡೇಲ್ ಹಳ್ಳಿ ತನಕ ಹೊಳೆ ಪಕ್ಕದಲ್ಲೇ ನಡೆಯಿರಿ, ಅರ್ಧ ದಾರಿಯಲ್ಲೇ ಗದ್ದಲ ಕರಗುತ್ತದೆ. ಅಲ್ಲಿನ ಆಶ್ ಮರಗಳಿಗೆ ಶಿಲೀಂಧ್ರದ ರೋಗ ಬಂದು ಬಹಳಷ್ಟು ಕಡಿಯಬೇಕಾಗಿ ಬಂದಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸುಣ್ಣಕಲ್ಲಿನ ಕಣಿವೆ ಬೇಕು, ಆದರೆ ಜನ ಬೇಡ ಅನ್ನುವವರು ಲ್ಯಾತ್‌ಕಿಲ್ ಡೇಲ್‌ಗೆ ಹೋಗಿ. ನನ್ನ ಲೆಕ್ಕದಲ್ಲಿ ಇಡೀ ಕೌಂಟಿಯಲ್ಲಿ ಅತ್ಯಂತ ಚೆಂದದ ಕಣಿವೆ ಇದೇ. ನೀರು ಎಷ್ಟು ತಿಳಿ ಅಂದರೆ ದಡದಲ್ಲಿ ನಿಂತೇ ಟ್ರೌಟ್ ಮೀನು ಕಾಣುತ್ತದೆ. ಬಿಸಿಲು ಜಾಸ್ತಿ ಇರುವ ವರ್ಷ ಮೇಲಿನ ಭಾಗದಲ್ಲಿ ಹೊಳೆಯೇ ಮಾಯವಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಹಳೆಯ ಸೀಸದ ಗಣಿಗಳ ಸುರಂಗ ಹಿಡಿದು ನೆಲದೊಳಗೆ ಹರಿದುಬಿಡುತ್ತದೆ. ಜೂನ್ ಸುಮಾರಿಗೆ ಹೋದರೆ ಜೇಕಬ್ಸ್ ಲ್ಯಾಡರ್ ಅನ್ನುವ ನೀಲಿ ಹೂ ಅರಳಿರುತ್ತದೆ. ಹೆಸರು ಕಿಂಡರ್ ದಾರಿಯದ್ದೇ, ಆದರೆ ಈ ಗಿಡ ಬ್ರಿಟನ್ನಿನಲ್ಲಿ ತಾನಾಗಿ ಬೆಳೆದದ್ದು ಕಾಣಸಿಗುವುದೇ ಅಪರೂಪ.

ಮಗುವಿನ ಗಾಡಿ, ವೀಲ್‌ಚೇರ್, ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ, ಮಾನ್ಸಲ್ ಟ್ರೇಲ್. 1968ರಲ್ಲಿ ನಿಂತುಹೋದ ರೈಲು ಮಾರ್ಗ ಅದು, ಈಗ ಎಂಟೂವರೆ ಮೈಲಿಯ ಸಮತಟ್ಟಾದ ದಾರಿ. 2011ರಲ್ಲಿ ಸುರಂಗಗಳನ್ನೂ ತೆರೆದರು. ಉದ್ದನೆಯವು 400 ಮೀಟರಿಗೂ ಜಾಸ್ತಿ, ಹಗಲಿನಲ್ಲಿ ದೀಪ ಇರುತ್ತದೆ, ಒಳಗೆ ತಣ್ಣಗಿರುತ್ತದೆ. ಸೈಕಲ್ಲಿನವರು ಜಾಸ್ತಿ, ಎಡಕ್ಕೆ ನಡೆಯಿರಿ.

ಸ್ಟ್ಯಾನೆಜ್ ಎಡ್ಜ್‌ಗೆ ಹ್ಯಾದರ್‌ಸೇಜ್ ಸ್ಟೇಷನ್ನಿನಿಂದ ಸುಮಾರು ಒಂದು ಗಂಟೆ ಹತ್ತಬೇಕು. ಮೈಲಿಗಟ್ಟಲೆ ಉದ್ದದ ಬಂಡೆಯ ಅಂಚು, ಕೆಳಗೆ ಹುಲ್ಲಿನಲ್ಲಿ ಯಾರೋ ಅರ್ಧಕ್ಕೆ ಬಿಟ್ಟು ಹೋದ ಬೀಸುವ ಕಲ್ಲುಗಳು. ಕಲ್ಲಿನ ವ್ಯಾಪಾರ ಬಿದ್ದುಹೋದಾಗ ಕೊಳ್ಳುವವರಿಲ್ಲದೆ ಅಲ್ಲೇ ಉಳಿದವು. ರಾಷ್ಟ್ರೀಯ ಉದ್ಯಾನದ ಚಿಹ್ನೆಯಲ್ಲಿ ಇರುವುದೂ ಅದೇ ಕಲ್ಲು. ಮಳೆ ದಿನ ಇಲ್ಲಿಗೆ ಬೇಡ, ಗ್ರಿಂಡಲ್‌ಫರ್ಡ್‌ನಲ್ಲಿ ಇಳಿದು ಪ್ಯಾಡ್ಲಿ ಗಾರ್ಜ್ ಕಡೆ ಹೋಗಿ. ಪಾಚಿ ಹಿಡಿದ ಬಂಡೆಗಳು, ಸೊಟ್ಟ ಓಕ್ ಮರಗಳು, ಮಳೆಯಲ್ಲಿ ಎಲ್ಲ ಹಸಿರಾಗಿ ಮಿನುಗುತ್ತಿರುತ್ತದೆ.

ಬೇಸರದ ವಿಷಯ ಒಂದೇ. ಜನ ತರುವ ಬಿಸಾಡುವ ಬಾರ್ಬೆಕ್ಯೂಗಳು. ಒಣಗಿದ ಪೀಟ್‌ಗೆ ಕಿಡಿ ತಾಗಿದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ, ಹೊರಗೆ ಆರಿದ ಹಾಗೆ ಕಂಡರೂ ಒಳಗೆ ಆರಿರುವುದಿಲ್ಲ. ಆ ಪೀಟ್ ಬೆಳೆಯೋಕೆ ಸಾವಿರಾರು ವರ್ಷ ಬೇಕು. ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಅಷ್ಟೇ. ನಾಯಿ ಇದ್ದರೆ ಮಾರ್ಚ್ 1ರಿಂದ ಜುಲೈ 31ರ ತನಕ ತೆರೆದ ಬಯಲಿನಲ್ಲಿ ಹಗ್ಗ ಬಿಚ್ಚುವಂತಿಲ್ಲ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ ಮಾಡಿದ ನಿಯಮ ಇದು.

ಮ್ಯಾಪ್ ಕೊಳ್ಳುವವರಿಗೆ: ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ಮ್ಯಾಪ್‌ಗಳಲ್ಲಿ ಕಿಂಡರ್, ಮ್ಯಾಮ್ ಟಾರ್ ಕಡೆಗೆ ಓಎಲ್ 1, ಲ್ಯಾತ್‌ಕಿಲ್, ಮಾನ್ಸಲ್, ಡವ್‌ಡೇಲ್ ಕಡೆಗೆ ಓಎಲ್ 24. ಮೊದಲು ಓಎಲ್ 1 ತಗೊಳ್ಳಿ, ಈಡೇಲ್‌ನಿಂದ ಶುರು ಮಾಡಿ.